ವಿಎಚ್‌ಎಸ್ ಕ್ಯಾಪ್ಚರ್ ಮಾಡುವಾಗ ಕಪ್ಪು-ಬಿಳುಪು ಚಿತ್ರ: ಪಾಲ್ ಸೆಟ್ಟಿಂಗ್ ನೋಡಿ

ಟಿವಿಯಲ್ಲಿ ಬಣ್ಣ ಸರಿಯಾಗಿ ಬಂದು, ಕಂಪ್ಯೂಟರ್‌ನಲ್ಲಿ ರೆಕಾರ್ಡ್ ಮಾಡುವ ಒಬಿಎಸ್ ತಂತ್ರಾಂಶದಲ್ಲಿ ಮಾತ್ರ ಚಿತ್ರ ಕಪ್ಪು-ಬಿಳುಪಾಗಿ ಮೇಲಕ್ಕೆ ಉರುಳುತ್ತಿದೆ ಅಂದರೆ ಕ್ಯಾಸೆಟ್ಟೂ ವಿಸಿಆರೂ ಚೆನ್ನಾಗಿವೆ. ಬಹುಮಟ್ಟಿಗೆ ವಿಸಿಆರನ್ನು ಕಂಪ್ಯೂಟರ್‌ಗೆ ಜೋಡಿಸುವ ನಿಮ್ಮ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ ಎನ್‌ಟಿಎಸ್‌ಸಿಯಲ್ಲಿ (ಅಮೆರಿಕದ ವಿಡಿಯೋ ಪದ್ಧತಿ) ಕೂತಿದೆ. ನಮ್ಮಲ್ಲಿ ತೆಗೆದ ಮದುವೆ ಕ್ಯಾಸೆಟ್‌ಗಳೆಲ್ಲ ಸಾಮಾನ್ಯವಾಗಿ ಪಾಲ್ (PAL) ಪದ್ಧತಿಯವು. ನನ್ನ ಸ್ಟಿಕ್ಕೂ ಹೀಗೇ ಆಡಿತ್ತು. ಎರಡು ಸಂಜೆ ಕೇಬಲ್ ಬದಲಾಯಿಸಿ ಸುಸ್ತಾಗಿದ್ದೆ.

ಒಬಿಎಸ್‌ನಲ್ಲಿ ವಿಡಿಯೋ ಕ್ಯಾಪ್ಚರ್ ಡಿವೈಸ್‌ನ ಪ್ರಾಪರ್ಟೀಸ್ ತೆರೆದು 'ಕಾನ್ಫಿಗರ್ ವಿಡಿಯೋ' ಒತ್ತಿ. ವಿಡಿಯೋ ಡಿಕೋಡರ್ ಟ್ಯಾಬ್‌ನಲ್ಲಿ ಪಾಲ್-ಬಿ ಆರಿಸಿ (ಸ್ಟಿಕ್‌ನಿಂದ ಸ್ಟಿಕ್‌ಗೆ ಹೆಸರು ಸ್ವಲ್ಪ ಬೇರೆ ಇರುತ್ತೆ). ಆ ಆಯ್ಕೆ ಮಸುಕಾಗಿದ್ದು ಒತ್ತಲಾಗದಿದ್ದರೆ ಮೊದಲು 'ಡೀಆಕ್ಟಿವೇಟ್' ಒತ್ತಿ ನೋಡಿ. ಆಮೇಲೆ ರೆಸಲ್ಯೂಶನ್ ಕಸ್ಟಮ್ ಮಾಡಿ 720x576, ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) 25 ಕೊಡಿ. 720x480 ಹಾಗೇ ಉಳಿದರೆ ಪಾಲ್ ಹಾಕಿಯೂ ಪ್ರಯೋಜನವಿಲ್ಲ.

ಆಗಲೂ ಬಣ್ಣ ಬರದಿದ್ದರೆ ಇನ್‌ಪುಟ್ ನೋಡಿ. ಹಳದಿ ಪಿನ್ ಹಾಕಿದ್ದರೆ ಕಾಂಪೊಸಿಟ್ ಇರಬೇಕು, ಎಸ್-ವಿಡಿಯೋ (ದುಂಡನೆಯ ಬೇರೆ ಪಿನ್‌ನದು) ಅಲ್ಲ. ಕ್ಯಾಸೆಟ್ ಅಮೆರಿಕದ ನೆಂಟರು ಕಳಿಸಿದ್ದಾದರೆ ಮಾತ್ರ ಎನ್‌ಟಿಎಸ್‌ಸಿಗೇ ಬಿಡಿ. ಆಗ ತೊಂದರೆ ಬೇರೆ ಎಲ್ಲೋ ಇರಬಹುದು.

ಓಡಾಟದ ದೃಶ್ಯಗಳಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ, ಸೋರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಡೀಇಂಟರ್ಲೇಸಿಂಗ್‌ನಲ್ಲಿ (ಆ ಗೆರೆ ತೆಗೆಯುವ ಸೌಲಭ್ಯ) 'ಯಾಡಿಫ್ 2x' ಹಾಕಿ, ಒಬಿಎಸ್‌ನ ಒಟ್ಟು ಎಫ್‌ಪಿಎಸ್ 50 ಮಾಡಿ. ಕ್ಯಾನ್ವಾಸ್ (ಒಬಿಎಸ್‌ನ ಚಿತ್ರದ ಚೌಕಟ್ಟು) 768x576 ಇಟ್ಟು ಚಿತ್ರವನ್ನು ಅದರ ತುಂಬ ಎಳೆಯಿರಿ, ಇಲ್ಲದಿದ್ದರೆ ಮುಖಗಳು ಸ್ವಲ್ಪ ಸಣಕಲಾಗುತ್ತವೆ.

ಪೂರ್ತಿ ಮೂರು ಗಂಟೆ ಓಡಿಸುವ ಮುಂಚೆ ಎರಡು ನಿಮಿಷ ರೆಕಾರ್ಡ್ ಮಾಡಿ ಧ್ವನಿಯನ್ನೂ ಕೇಳಿ. ಧ್ವನಿ ಇಲ್ಲದಿದ್ದರೆ ವಿಂಡೋಸ್‌ನ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಮೈಕ್ರೊಫೋನ್ ಅನುಮತಿ ಕೊಡಿ.