ಎಟ್ರಸ್ಕನ್ ಓದಲು ಬರುತ್ತದೆ, ತೊಂದರೆ ಇರುವುದು ಬೇರೆ ಕಡೆ

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಇಟಲಿಯ ಹಳೆಯ ಭಾಷೆ ಎಟ್ರಸ್ಕನ್ ಕುರಿತು ಬಂದ ಲೇಖನದ ಬಗ್ಗೆ ನೀವು ಬರೆದ ಪತ್ರ ತಲುಪಿತು. ಹರಪ್ಪ ಲಿಪಿಯ ಹಾಗೆ ಇದನ್ನೂ ಯಾರೂ ಓದಿಲ್ಲವಂತೆ, ಅದು ದ್ರಾವಿಡ ಭಾಷೆ ಅಂತ ಒಂದು ವಿಡಿಯೊದಲ್ಲಿ ಹೇಳಿದ್ದಾರೆ, ನೀವೇಕೆ ಮುಚ್ಚಿಟ್ಟಿರಿ ಎಂದು ಕೇಳಿದ್ದೀರಿ. ಸಿಟ್ಟು ಸ್ವಲ್ಪ ಜಾಸ್ತಿಯೇ ಇತ್ತು, ಇರಲಿ.

ಹರಪ್ಪದ ಮಾತು ಇಲ್ಲಿ ಬೇಡ. ಅಲ್ಲಿ ಚಿಹ್ನೆಗಳ ಉಚ್ಚಾರವೇ ಗೊತ್ತಿಲ್ಲ. ರೋಮ್ ದೊಡ್ಡದಾಗುವ ಮೊದಲು ಈಗಿನ ಟಸ್ಕನಿ ಸುತ್ತಮುತ್ತ ಮೆರೆದ ಎಟ್ರಸ್ಕನ್ನರು ಗ್ರೀಕರಿಂದ ಅಕ್ಷರ ಪಡೆದು, ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಬರೆದರು. ಅಕ್ಷರ ಕಲಿತರೆ ನೀವೂ ಗಟ್ಟಿಯಾಗಿ ಓದಬಹುದು. ಆದರೆ ಅರ್ಥ? ಹತ್ತು ಸಾವಿರಕ್ಕೂ ಹೆಚ್ಚು ಶಾಸನಗಳಿವೆ, ಬಹುಪಾಲು ಸಮಾಧಿಯವು: ಇಂಥವನು, ಇಂಥವರ ಮಗ, ಇಷ್ಟು ವರ್ಷ ಬಾಳಿ ಸತ್ತ. ಹಾಗಾಗಿ 'ಕ್ಲಾನ್' ಅಂದರೆ ಮಗ, 'ಪುಯಾ' ಹೆಂಡತಿ, 'ಅವಿಲ್' ವರ್ಷ ಎನ್ನುವುದು ಪಕ್ಕಾ. ಬರೀ ಲಗ್ನಪತ್ರಿಕೆಗಳನ್ನು ಗುಡ್ಡೆ ಹಾಕಿಕೊಂಡು ಕನ್ನಡ ಕಲಿಯಲು ಕೂತವರ ಪಾಡು ಇದು. ಕಂಪ್ಯೂಟರಿಗೆ ಕೊಟ್ಟರೂ ಅಷ್ಟೇ, ಇಲ್ಲದ ವಾಕ್ಯವನ್ನು ಅದು ಎಲ್ಲಿಂದ ತರಬೇಕು?

ಉದ್ದನೆಯ ಬರಹ ಸಿಕ್ಕ ಕಥೆ ಮಾತ್ರ ಮಜಾ ಇದೆ. 1848ರಲ್ಲಿ ಮಿಹಾಯ್ಲೊ ಬಾರಿಚ್ ಎಂಬ ಅಧಿಕಾರಿ ಅಲೆಕ್ಸಾಂಡ್ರಿಯಾದಲ್ಲಿ ಒಂದು ಹೆಣ್ಣು ಮಮ್ಮಿಯನ್ನು ಕೊಂಡು ವಿಯೆನ್ನಾದ ತನ್ನ ಮನೆಯಲ್ಲಿ ಇಟ್ಟುಕೊಂಡ (ಮನೆಯವರು ಏನಂದರೋ!). ಅವನು ತೀರಿಕೊಂಡ ಮೇಲೆ ಅದು ಝಾಗ್ರೆಬ್ ಮ್ಯೂಸಿಯಂ ಸೇರಿತು. ಸುತ್ತಿದ್ದ ಬಟ್ಟೆಯ ಮೇಲೆ ಬರಹವಿತ್ತು, ಈಜಿಪ್ಟಿನದ್ದೇ ಯಾವುದೋ ಇರಬೇಕೆಂದು ಜನ ಸುಮ್ನಿದ್ದರು. ಅದು ಎಟ್ರಸ್ಕನ್ ಎಂದು ಯಾಕೊಬ್ ಕ್ರಾಲ್ ಗುರುತಿಸಿದ್ದು 1891ರಲ್ಲಿ. ಬಟ್ಟೆಯ ಪುಸ್ತಕವೊಂದನ್ನು ಹರಿದು ಪಟ್ಟಿ ಮಾಡಿ ಹೆಣಕ್ಕೆ ಸುತ್ತಿದ್ದರು! ಸುಮಾರು 1,200 ಪದ ಓದಲು ಸಿಗುತ್ತವೆ, ಯಾವ ದಿನ ಯಾವ ದೇವರಿಗೆ ಏನು ಸಲ್ಲಿಸಬೇಕು ಎಂಬ ಪಂಚಾಂಗದಂಥ ಬರಹ. ಬೇಜಾರೆಂದರೆ ಅದರಲ್ಲೂ ಅದದೇ ಮಾತು ಮತ್ತೆ ಮತ್ತೆ ಬರುತ್ತದೆ.

1964ರಲ್ಲಿ ರೋಮ್ ಹತ್ತಿರದ ಪಿರ್ಜಿಯಲ್ಲಿ ಮೂರು ಚಿನ್ನದ ತಗಡು ಸಿಕ್ಕವು. ಎರಡು ಎಟ್ರಸ್ಕನ್, ಒಂದು ಫಿನೀಷಿಯನ್, ಅಂದರೆ ವಿದ್ವಾಂಸರಿಗೆ ಅರ್ಥವಾಗುವ ಇನ್ನೊಂದು ಹಳೆಯ ಭಾಷೆ. ಪದಕ್ಕೆ ಪದ ಹೊಂದುವುದಿಲ್ಲ, ಆದರೂ ವಿಷಯ ಒಂದೇ, ದೊರೆಯೊಬ್ಬ ದೇವಿಗೆ ಕೊಟ್ಟ ಕಾಣಿಕೆ. 'ಕಿ' ಅಂದರೆ ಮೂರು ಎನ್ನುವುದು ಅಲ್ಲಿ ಗಟ್ಟಿಯಾಯಿತು. 'ಹುತ್' ಮತ್ತು 'ಸಾ'ಗಳಲ್ಲಿ ನಾಲ್ಕು ಯಾವುದು, ಆರು ಯಾವುದು ಎಂಬ ಜಗಳ ಮಾತ್ರ ಪೂರ್ತಿ ಮುಗಿದಿಲ್ಲ.

ಈಗ ದ್ರಾವಿಡದ ಮಾತು. ಇದು ವಿಡಿಯೊದವರ ಶೋಧವೇನಲ್ಲ, 1904ರಲ್ಲೇ ನಾರ್ವೆಯ ವಿದ್ವಾಂಸ ಸ್ಟೆನ್ ಕೊನೊ ಈ ಎರಡನ್ನೂ ಹೋಲಿಸಿ ಲೇಖನ ಬರೆದಿದ್ದರು. ಆಸೆ ಹುಟ್ಟಿಸುವ ಹೋಲಿಕೆ ಇರುವುದೂ ನಿಜ. 'ಕ್ಲಾನ್' ಬಹುವಚನದಲ್ಲಿ 'ಕ್ಲೆನಾರ್', ಅದರ ಮೇಲೆ ಇನ್ನೊಂದು ಪ್ರತ್ಯಯ ಹಚ್ಚಿದರೆ 'ಮಕ್ಕಳಿಗೆ'. ಈ 'ಅರ್' ಮನುಷ್ಯರಿಗೆ, ವಸ್ತುಗಳಿಗೆ ಬೇರೆ ಪ್ರತ್ಯಯ, ನಮ್ಮ 'ಅರು' ಮತ್ತು 'ಗಳು' ನೆನಪಾಗುತ್ತದೆ ಅಲ್ವಾ? ಆದರೆ ಪ್ರತ್ಯಯ ಪೋಣಿಸುವ ಭಾಷೆಗಳು ಲೋಕದಲ್ಲಿ ಬೇಕಾದಷ್ಟಿವೆ. ಟರ್ಕಿಷ್‌ನಲ್ಲಿ ಬಹುವಚನವೇ 'ಲರ್'. ನೆಂಟಸ್ತಿಕೆ ಹೇಳಬೇಕಾದರೆ ದಿನಬಳಕೆಯ ಪದಗಳು ಒಂದು ಕ್ರಮದಲ್ಲಿ ಹೊಂದಬೇಕು. ಎರಡಕ್ಕೆ 'ಝಲ್', ಮೂರಕ್ಕೆ 'ಕಿ', ಇದರಲ್ಲಿ ನಮ್ಮದು ಎಲ್ಲಿದೆ? ಗ್ರೀಸಿನ ಲೆಮ್ನೋಸ್ ದ್ವೀಪದಲ್ಲಿ 1885ರಲ್ಲಿ ಸಿಕ್ಕ ಕಲ್ಲಿನಲ್ಲಿ ವಯಸ್ಸು ಹೇಳುವ ಮಾತೇ ಎಟ್ರಸ್ಕನ್‌ಗೆ ಹೊಂದುತ್ತದೆ. ಅದು ನೆಂಟಸ್ತಿಕೆ. ಆಲ್ಪ್ಸ್ ಬೆಟ್ಟಗಳ ಕಡೆಯ ರೇಟಿಕ್ ಎಂಬ ಭಾಷೆ ಇನ್ನೊಂದು ನೆಂಟ. ಅವೂ ಸತ್ತ ಭಾಷೆಗಳು, ಸಿಕ್ಕಿರುವುದೂ ಚೂರುಪಾರು.

ರೋಮನ್ನರು ಏನೂ ಬರೆದಿಡಲಿಲ್ಲವೇ ಎಂದೂ ಕೇಳಿದ್ದೀರಿ. ಚಕ್ರವರ್ತಿ ಕ್ಲಾಡಿಯಸ್ ಎಟ್ರಸ್ಕನ್ನರ ಬಗ್ಗೆ ಗ್ರೀಕಿನಲ್ಲಿ 20 ಸಂಪುಟ ಬರೆದಿದ್ದ, ಒಂದೂ ಉಳಿದಿಲ್ಲ. ಉಳಿದಿದ್ದರೂ ಅದು ಇತಿಹಾಸ, ನಿಘಂಟಲ್ಲ. ನಾನಾಗಿದ್ದರೆ ಅದಕ್ಕಿಂತ ಇನ್ನೊಂದು ಉದ್ದನೆಯ ಜೋಡಿಭಾಷೆಯ ಶಾಸನ ಸಿಗಲಿ ಎಂದೇ ಕೇಳಿಕೊಳ್ಳುತ್ತೇನೆ.

— ಸಂಪಾದಕ