ಎಂಟರ್ ಒತ್ತಿದರೆ ತೂಕದ ಲೆಕ್ಕವೇ ಮಾಯ!

ಪ್ರಶ್ನೆ: ಮಂಡ್ಯದಲ್ಲಿ ನಮ್ಮದು ಬೆಲ್ಲದ ಮಂಡಿ. ರೈತರು ತಂದ ಅಚ್ಚು ಬೆಲ್ಲ, ಬಕೆಟ್ ಬೆಲ್ಲದ ತೂಕ ಬರೆದಿಡಲು ಪಿಎಚ್‌ಪಿಯಲ್ಲಿ (ವೆಬ್ ಪುಟಗಳಿಗೆ ಬಳಸುವ ಪ್ರೋಗ್ರಾಂ ಭಾಷೆ) ಫಾರಂ ಮಾಡಿಕೊಂಡಿದ್ದೇನೆ. ಕೆಳಗೆ ಅಳಿಸು, ಉಳಿಸು, ಬಿಲ್ ಮಾಡು ಅಂತ ಮೂರು ಬಟನ್. ನಾನು ಮೌಸ್‌ನಲ್ಲಿ ಒತ್ತಿದರೆ ಎಲ್ಲ ಸರಿ. ಅಪ್ಪ ತೂಕ ತಿದ್ದಿ ಎಂಟರ್ ಒತ್ತಿದರೆ ಆ ದಾಖಲೆಯೇ ಹೋಗಿಬಿಡುತ್ತದೆ. ಕೋಡ್‌ನಲ್ಲಿ ಎಲ್ಲಿ ತಪ್ಪಾಗಿದೆ ಸರ್?
– ಓದುಗರು, ಮಂಡ್ಯ

ಉತ್ತರ: ನಿಮ್ಮ ಪಿಎಚ್‌ಪಿ ತನಗೆ ಬಂದದ್ದನ್ನು ಸರಿಯಾಗಿಯೇ ಓದುತ್ತಿದೆ. ತೊಂದರೆ ಇರುವುದು ಬಟನ್‌ಗಳ ಸಾಲಿನಲ್ಲಿ.

ಫಾರಂ ಕಳಿಸುವಾಗ ಬ್ರೌಸರ್ ಮೂರೂ ಬಟನ್‌ಗಳ ಸುದ್ದಿ ಹೇಳುವುದಿಲ್ಲ. ಒತ್ತಿದ ಒಂದೇ ಬಟನ್‌ನ ನೇಮ್ (ಕೋಡ್‌ನಲ್ಲಿ ಅದಕ್ಕಿಟ್ಟ ಹೆಸರು) ಮತ್ತು ವ್ಯಾಲ್ಯೂ (ಆ ಹೆಸರಿನ ಜೊತೆ ಹೋಗುವ ಮಾತು) ಸರ್ವರ್‌ಗೆ, ಅಂದರೆ ಪಿಎಚ್‌ಪಿ ಓಡುವ ಕಂಪ್ಯೂಟರ್‌ಗೆ, ಹೋಗುತ್ತವೆ. ಅಪ್ಪ ತೂಕದ ಬಾಕ್ಸ್‌ನಲ್ಲೇ ಎಂಟರ್ ಒತ್ತಿದರೆ ಯಾವ ಬಟನ್ನನ್ನೂ ಮುಟ್ಟಿಲ್ಲ, ಅಲ್ವಾ? ಆಗ ಬ್ರೌಸರ್, ಕೋಡ್‌ನಲ್ಲಿ ಎಲ್ಲಕ್ಕಿಂತ ಮೊದಲು ಬರೆದ ಸಬ್ಮಿಟ್ (ಫಾರಂ ಕಳಿಸುವ) ಬಟನ್ನನ್ನೇ ಒತ್ತಿದಂತೆ ನಡೆದುಕೊಳ್ಳುತ್ತದೆ. ನಿಮ್ಮಲ್ಲಿ ಮೊದಲಿರುವುದು ಅಳಿಸು. ಪುಟದ ಅಂದಚಂದ ನೋಡಿಕೊಳ್ಳುವ ಸಿಎಸ್‌ಎಸ್‌ನಿಂದ ಅದನ್ನು ಪರದೆಯಲ್ಲಿ ಕೊನೆಗೆ ತಳ್ಳಿದರೂ ಪ್ರಯೋಜನವಿಲ್ಲ. ಕೋಡ್‌ನಲ್ಲೇ ಉಳಿಸು ಮೊದಲು ಬರಬೇಕು.

ಇಷ್ಟು ಮಾಡಿದರೆ ಇವತ್ತಿನ ಗಂಡಾಂತರ ತಪ್ಪುತ್ತದೆ. ಆದರೆ ನನ್ನನ್ನು ಕೇಳಿದರೆ, ಅಳಿಸು ಬಟನ್ ಈ ಫಾರಂನಲ್ಲಿ ಇರಲೇಬಾರದು. ಅದು ರೈತ ಬೆವರು ಸುರಿಸಿ ತಂದ ಬೆಲ್ಲದ ತೂಕ. ಅಳಿಸುವುದಕ್ಕೆ ಬೇರೆಯದೇ ಫಾರಂ ಇಟ್ಟು, 'ನಿಜವಾಗಲೂ ತೆಗೆಯಬೇಕಾ?' ಎಂದು ಇನ್ನೊಂದು ಪುಟದಲ್ಲಿ ಕೇಳಿ. ಆಗಲೂ ಡೇಟಾಬೇಸ್‌ನಿಂದ ತೆಗೆಯಬೇಡಿ, 'ರದ್ದು' ಅಂತ ಗುರುತು ಹಾಕಿಟ್ಟರೆ ಸಾಕು.

ಉಳಿದ ಎರಡು ಬಟನ್‌ಗೂ 'ಕೆಲಸ' ಅಂತ ಒಂದೇ ನೇಮ್ ಕೊಡಿ. ವ್ಯಾಲ್ಯೂ ಮಾತ್ರ ಬೇರೆ ಇರಲಿ. ಪಿಎಚ್‌ಪಿಯಲ್ಲಿ ಆ ಒಂದನ್ನು ನೋಡಿದರೆ ಸಾಕು. ಗೊತ್ತಿಲ್ಲದ ವ್ಯಾಲ್ಯೂ ಬಂದರೆ ಏನನ್ನೂ ಮುಟ್ಟದೆ ಫಾರಂ ಮತ್ತೆ ತೋರಿಸಿ. ಬಟನ್ ಮಾಡಲು ಪುಟದ ಕೋಡ್‌ನಲ್ಲಿ ಇನ್‌ಪುಟ್ ಟ್ಯಾಗ್‌ಗಿಂತ ಬಟನ್ ಟ್ಯಾಗ್ ವಾಸಿ. ಇನ್‌ಪುಟ್‌ನಲ್ಲಿ ಪರದೆ ಮೇಲೆ ಕಾಣುವ ಮಾತೇ ವ್ಯಾಲ್ಯೂ. ಮುಂದೆ ಯಾರಾದರೂ 'ಉಳಿಸು' ಬದಲು 'ಸೇವ್ ಮಾಡಿ' ಅಂತ ಬರೆದರೆ ಸರ್ವರ್‌ನಲ್ಲಿ ಅದು 'ಉಳಿಸು' ಜೊತೆ ಹೊಂದುವುದೇ ಇಲ್ಲ. ಬಟನ್ ಟ್ಯಾಗ್‌ನಲ್ಲಿ ಎರಡೂ ಬೇರೆ ಬೇರೆ.

ಎರಡು ಸಲ ಬಿಲ್ ಆಗಬಾರದು ಅಂತ, ಸಬ್ಮಿಟ್ ಆಗುವಾಗ ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಕೋಡ್‌ನಿಂದ ಬಟನ್ ಡಿಸೇಬಲ್ ಮಾಡುವ (ಒತ್ತಲಾಗದಂತೆ ಮಾಡುವ) ಅಭ್ಯಾಸ ಜಾಸ್ತಿ. ಡಿಸೇಬಲ್ ಆದ ಬಟನ್‌ನ ನೇಮ್ ಸರ್ವರ್‌ಗೆ ಹೋಗುವುದೇ ಇಲ್ಲ, ಆಗ ಯಾವ ಕೆಲಸ ಎಂದು ಪಿಎಚ್‌ಪಿಗೆ ತಿಳಿಯುವುದಿಲ್ಲ; ಇದನ್ನು ಮರೆಯಬೇಡಿ.

ಬದಲಾವಣೆ ಮುಗಿದ ಮೇಲೆ ಪರೀಕ್ಷೆಗೆ ಸುಮ್ನೆ ಒಂದು ಸುಳ್ಳು ದಾಖಲೆ ಮಾಡಿ, ಅಪ್ಪನ ಕೈಯಲ್ಲೇ ತೂಕ ತಿದ್ದಿಸಿ ಎಂಟರ್ ಒತ್ತಿಸಿ ನೋಡಿ. ಈಗಾಗಲೇ ಹೋಗಿರುವ ಲೆಕ್ಕಗಳನ್ನು ತೂಕದ ಚೀಟಿ ನೋಡಿಕೊಂಡು ಬೇಗ ತುಂಬಿಬಿಡಿ.