ಫ್ಯಾಮಿಲಿ ಕೋರ್ಟಿನಲ್ಲಿ ಮೂವತ್ತು ವರ್ಷ ನಿಲ್ಲುವುದು ಹೇಗೆ?

ಪ್ರಶ್ನೆ: ಸೀನಿಯರ್ ಒಬ್ಬರ ಹತ್ತಿರ ಐದು ವರ್ಷ ಕೆಲಸ ಕಲಿತು ಈಗ ಸ್ವಂತ ಆಫೀಸು ಮಾಡಿದ್ದೇನೆ. ಪೂರ್ತಿ ಫ್ಯಾಮಿಲಿ ಕೋರ್ಟಿನ ಕೇಸುಗಳೇ. ರಾತ್ರಿ ಹನ್ನೊಂದಕ್ಕೆ ಕಕ್ಷಿದಾರರು ಫೋನ್ ಮಾಡಿ ಅಳುತ್ತಾರೆ. ಫೀಸು ಅರ್ಧಕ್ಕೇ ನಿಲ್ಲುತ್ತದೆ. ಮನೆಗೆ ಬಂದರೂ ಯಾರದೋ ಜಗಳ ತಲೆಯಲ್ಲಿ. ನನ್ನ ಜೊತೆ ಸನ್ನದು ಪಡೆದವರೆಲ್ಲ ಕಂಪನಿ ಕೆಲಸಕ್ಕೆ ಹೋದರು. ಇದರಲ್ಲೇ ಮೂವತ್ತು ವರ್ಷ ಇರುವವರು ಹೇಗೆ ಇರುತ್ತಾರೆ? – ಯುವ ವಕೀಲೆ, ಬೆಂಗಳೂರು

ಉತ್ತರ: ಫೋನಿನ ಮಾತು ಆಮೇಲೆ. ಮೊದಲು ನೀವು ಇತ್ತೀಚೆಗೆ ಹಾಕಿದ ನಾಲ್ಕೈದು ವಿಚ್ಛೇದನದ ಅರ್ಜಿಗಳನ್ನು ತೆಗೆದು, ನೀವೇ ಎದುರು ಪಕ್ಷದವರು ಅಂದುಕೊಂಡು ಓದಿ. ಸುಸ್ತು ಎಲ್ಲಿಂದ ಶುರುವಾಗುತ್ತಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ನಮ್ಮಲ್ಲೊಂದು ಕೆಟ್ಟ ರೂಢಿ ಇದೆ. ಕ್ರೌರ್ಯದ ಆಧಾರದ ಅರ್ಜಿ ಅಂದರೆ ಹಳೇ ಫೈಲಿನ ಪ್ಯಾರಾಗಳನ್ನು ತಂದು ಅಂಟಿಸುವುದು. ‘ಪ್ರತಿವಾದಿಯು ಮದುವೆಯಾದ ದಿನದಿಂದಲೇ ಅರ್ಜಿದಾರರ ವೃದ್ಧ ತಂದೆತಾಯಿಯರನ್ನು ಅವಾಚ್ಯ ಶಬ್ದಗಳಿಂದ ನಿಂದಿಸುತ್ತಾ...’ ಅಂತ ಸಾಗುತ್ತದೆ. ಆ ತಂದೆ ಮದುವೆಗೆ ಮೊದಲೇ ತೀರಿಕೊಂಡಿದ್ದರೂ ಸಾಲು ಮಾತ್ರ ಹಾಗೇ ಇರುತ್ತದೆ! ಪಾಟೀಸವಾಲಿನಲ್ಲಿ ಇದು ಬಯಲಾದರೆ ಮಾನ ಹೋಗುತ್ತದೆ, ಸರಿ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಅರ್ಜಿ ಕೈಗೆ ಸಿಕ್ಕ ದಿನವೇ ಎದುರಿನವರು ರಾಜಿಯ ಆಸೆ ಬಿಡುತ್ತಾರೆ. ತಕರಾರಿನಲ್ಲಿ, ಅಂದರೆ ಅರ್ಜಿಗೆ ಕೊಡುವ ಲಿಖಿತ ಉತ್ತರದಲ್ಲಿ, ಇದರ ಎರಡರಷ್ಟು ವಿಷ ಕಾರುತ್ತಾರೆ. ಅದನ್ನು ಓದಿದ ನಿಮ್ಮ ಕಕ್ಷಿದಾರರಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ, ನಿಮಗೆ ಫೋನ್ ಬರುತ್ತದೆ.

ದಿನಾಂಕ ಇರುವ, ಸಾಕ್ಷಿ ಇರುವ ಮೂರು ಘಟನೆ ಬರೆದರೆ ಸಾಕು. ‘ಮೇಡಂ, ಇನ್ನೂ ಸ್ವಲ್ಪ ಖಾರವಾಗಿ ಬರೀರಿ’ ಅನ್ನುತ್ತಾರೆ. ಬರೆಯಬೇಡಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕೇ ಅಲ್ಲ. ಕೋರ್ಟು ಬಿಟ್ಟುಕೊಂಡರೆ ನಾವು ಒಳಗೆ. 9ನೇ ಸೆಕ್ಷನ್ ಮೊದಲು ರಾಜಿಗೆ ಪ್ರಯತ್ನಿಸಿ ಅನ್ನುತ್ತದೆ. ಜಗಳ ಬೆಳೆಸುವ ವಕೀಲರಿಗೆ ಅಂತ ಕಟ್ಟಿದ ಕೋರ್ಟಲ್ಲ ಅದು. ಎದುರಿನ ವಕೀಲರು ಇನ್ನೂ ಎಷ್ಟೋ ವರ್ಷ ಅದೇ ಕಾರಿಡಾರಿನಲ್ಲಿ ಸಿಗುವವರು, ಅಲ್ವಾ?

ಆ ಸಿಟ್ಟನ್ನೆಲ್ಲ ಲೆಕ್ಕಪತ್ರದ ಮೇಲೆ ಹಾಕಿ. ಸುಪ್ರೀಂ ಕೋರ್ಟಿನ 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಕೊಡಲೇಬೇಕು. ಬಹಳ ಜನ ಅದನ್ನು ಕ್ಲರ್ಕ್ ಕೈಗೆ ಕೊಟ್ಟು ತುಂಬಿಸುತ್ತಾರೆ. ನೀವು ನಿಮ್ಮ ಕಕ್ಷಿದಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬ್ಯಾಂಕ್ ಸ್ಟೇಟ್‌ಮೆಂಟ್ ಸಾಲು ಸಾಲಾಗಿ ಓದಿ. ‘ಆದಾಯ ಇಲ್ಲ’ ಅಂದವರ ಖಾತೆಗೆ ಪ್ರತಿ ತಿಂಗಳು ಟ್ಯೂಷನ್ ಹಣ ಯುಪಿಐನಲ್ಲಿ ಬರುತ್ತಿರುತ್ತದೆ. ‘ಕೈಗೆ ಬರುವುದೇ ಇಷ್ಟು’ ಅಂದ ಗಂಡನ ಪೇ ಸ್ಲಿಪ್ಪಿನಲ್ಲಿ ಅರ್ಧ ಕಡಿತ ಅವನೇ ಇಷ್ಟಪಟ್ಟು ಕಟ್ಟುತ್ತಿರುವ ಉಳಿತಾಯ. ಈ ಒಂದು ಗಂಟೆಯ ಕೆಲಸ ಹತ್ತು ವಾಯಿದೆಯ ಕೂಗಾಟ ಉಳಿಸುತ್ತದೆ.

ಇನ್ನು ಫೀಸು. ಹಂತ ಹಂತವಾಗಿ ಬರೆದುಕೊಡಿ: ಅರ್ಜಿ ಹಾಕಲು ಇಷ್ಟು, ಮಧ್ಯಂತರ ಜೀವನಾಂಶಕ್ಕೆ ಇಷ್ಟು, ಸಾಕ್ಷಿ ವಿಚಾರಣೆಗೆ ಇಷ್ಟು, ವಾದಕ್ಕೆ ಇಷ್ಟು. ‘ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ಕೊಡ್ತೀನಿ’ ಅಂದರೆ ಬೇಡ ಅನ್ನಿ, ವಕೀಲರ ಪರಿಷತ್ತಿನ ನಿಯಮ ಅದಕ್ಕೆ ಒಪ್ಪುವುದಿಲ್ಲ. ಬಾಕಿ ಇದೆ ಅಂತ ಫೈಲು ಹಿಡಿದಿಟ್ಟುಕೊಳ್ಳಲೂ ಬರುವುದಿಲ್ಲ, 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಿಜವಾಗಿ ಕಷ್ಟದಲ್ಲಿರುವ ಹೆಣ್ಣುಮಕ್ಕಳನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿ. ಮಹಿಳೆಯರಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಇದೆ. ಸುಮ್ನೆ ಒಪ್ಪಿಕೊಂಡು ಒಳಗೊಳಗೇ ಗೊಣಗುವುದಕ್ಕಿಂತ ಇದು ಮೇಲು.

ಫೋನಿಗೆ ಬರೋಣ. ವಕಾಲತ್ತಿಗೆ ಸಹಿ ಹಾಕಿಸುವ ದಿನವೇ ಹೇಳಿಬಿಡಿ: ಹೊಡೆದರೆ, ಮನೆಯಿಂದ ಹೊರಗೆ ಹಾಕಿದರೆ, ಮಗುವನ್ನು ಎತ್ತಿಕೊಂಡು ಹೋದರೆ ಮೊದಲು 112 ಅಥವಾ ಮಹಿಳಾ ಸಹಾಯವಾಣಿ 181, ಆಮೇಲೆ ನನಗೆ. ಉಳಿದದ್ದು ಆಫೀಸಿನ ಹೊತ್ತಿನಲ್ಲಿ. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಡಿ. ನಾವು ಕೌನ್ಸೆಲರ್ ಅಲ್ಲ, ಆ ಕೆಲಸ ನಮಗೆ ಬರುವುದೂ ಇಲ್ಲ. ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ವಾಯಿದೆ ಮುಗಿದ ಸಂಜೆಯೇ ಮೂರು ಸಾಲಿನ ಮೆಸೇಜ್ ಕಳಿಸಿ: ಇವತ್ತು ಏನಾಯಿತು, ಮುಂದಿನ ದಿನಾಂಕ ಯಾವುದು, ನೀವು ಏನು ತರಬೇಕು. ರಾತ್ರಿ ಫೋನುಗಳಲ್ಲಿ ಜಾಸ್ತಿ ಪಾಲು ‘ಇವತ್ತು ಏನಾಯ್ತು ಮೇಡಂ?’ ಅನ್ನುವುದಕ್ಕೇ ಬರುತ್ತವೆ.

ಪ್ರಶ್ನೆ: ಬರೀ ವಿಚ್ಛೇದನದ ಕೇಸು ನೋಡಿಕೊಂಡು ಜೀವನ ಸಾಗುತ್ತದಾ? ಮಧ್ಯಸ್ಥಿಕೆಯ ತರಬೇತಿ ಪಡೆದರೆ ಪ್ರಯೋಜನ ಇದೆಯಾ? – ಶಿವಮೊಗ್ಗದ ಓದುಗರು

ಉತ್ತರ: ಬೆಂಗಳೂರಿನಲ್ಲಿ ಸಾಗೀತು, ನಿಮ್ಮ ಕಡೆ ಕಷ್ಟ. ಅಕ್ಕಪಕ್ಕದ ಕೆಲಸ ಸೇರಿಸಿಕೊಳ್ಳಿ. ಹೆಣ್ಣುಮಕ್ಕಳ ಪಾಲಿನ ದಾವೆ, ವಿಲ್, ವಾರಸಾ ಪ್ರಮಾಣಪತ್ರ, ಮಕ್ಕಳ ಪೋಷಕತ್ವ ಎಲ್ಲವೂ ಅದೇ ಮನೆಗಳಿಂದಲೇ ಬರುತ್ತವೆ. ಈಗ ಮಲೆನಾಡಿನ ಮನೆಗಳಲ್ಲೂ ಅಮೆರಿಕದಲ್ಲಿರುವ ಮಗನೋ ಮಗಳೋ ಇರುತ್ತಾರೆ. ಅಲ್ಲಿನ ಕೋರ್ಟಿನ ವಿಚ್ಛೇದನ ಇಲ್ಲಿ ನಡೆಯುತ್ತದಾ ಅಂತ ಕೇಳಿಕೊಂಡು ಬರುತ್ತಾರೆ. ಅದಕ್ಕೆ ಉತ್ತರ ಹೇಳುವ ಸುಪ್ರೀಂ ಕೋರ್ಟಿನ 1991ರ ನರಸಿಂಹ ರಾವ್ ವಿರುದ್ಧ ವೆಂಕಟಲಕ್ಷ್ಮಿ ತೀರ್ಪನ್ನು ಒಮ್ಮೆ ಪೂರ್ತಿ ಓದಿಟ್ಟುಕೊಳ್ಳಿ. ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕರೆದೊಯ್ದರೆ ಹಿಂದಕ್ಕೆ ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ ಅನ್ನುವುದೂ ಗೊತ್ತಿರಲಿ.

ತರಬೇತಿ ಖಂಡಿತ ಪಡೆಯಿರಿ. ಕೋರ್ಟುಗಳ ಮಧ್ಯಸ್ಥಗಾರರಿಗೆ ಸಾಮಾನ್ಯವಾಗಿ 40 ಗಂಟೆಯ ತರಬೇತಿ ಇರುತ್ತದೆ. 2023ರಲ್ಲಿ ಮಧ್ಯಸ್ಥಿಕೆಗೇ ಪ್ರತ್ಯೇಕ ಕಾಯ್ದೆಯೂ ಬಂದಿದೆ. ಮಧ್ಯಸ್ಥಗಾರರಾಗದಿದ್ದರೂ, ಗಂಡ ಹೆಂಡತಿ ಇಬ್ಬರನ್ನೂ ಎದುರು ಕೂರಿಸಿಕೊಂಡು ಮಾತು ಬಿಡಿಸುವುದು ಅಲ್ಲಿ ಕಲಿಸುವಷ್ಟು ಚೆನ್ನಾಗಿ ಯಾವ ಲಾ ಕಾಲೇಜಿನಲ್ಲೂ ಕಲಿಸುವುದಿಲ್ಲ. ಒಂದು ಎಚ್ಚರ: ನೀವು ವಕಾಲತ್ತು ಹಾಕಿದ ಕೇಸಿನಲ್ಲಿ ನೀವೇ ಮಧ್ಯಸ್ಥಗಾರರಾಗಿ ಕೂರಲು ಬರುವುದಿಲ್ಲ.